ಎಡಚನ ಕೈಗೆ ಏರ್ ಪಿಸ್ತೂಲ್: ಎಡಗೈ ಗ್ರಿಪ್ ಮೂರು ವರ್ಷ ಬಳಸಿದ ಮೇಲೆ

ನಾನು ಎಡಚ. ಊಟ ಮಾತ್ರ ಬಲಗೈಯಲ್ಲಿ, ಅದು ಅಜ್ಜಿಯ ಗದರಿಕೆಯ ಫಲ. ಜಯನಗರದ ಹತ್ತಿರ 10 ಮೀಟರ್ ಏರ್ ಪಿಸ್ತೂಲ್ ಕಲಿಯಲು ಸೇರಿದಾಗ ಕ್ಲಬ್ಬಿನ ಪಿಸ್ತೂಲುಗಳೆಲ್ಲ ಬಲಗೈಯವು. ಮ್ಯಾಚ್ ಪಿಸ್ತೂಲಿನ ಮರದ ಹಿಡಿ, ಅಂದರೆ ಗ್ರಿಪ್, ಚಪ್ಪಲಿ ಇದ್ದ ಹಾಗೆ, ಎಡ ಬಲ ಬೇರೆ ಬೇರೆ. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳ ಬುಡಕ್ಕೆ ಅಂಚು ಒತ್ತುತ್ತದೆ. ಮ್ಯಾಚಿಗೆ 75 ನಿಮಿಷದಲ್ಲಿ 60 ಗುಂಡು. ನಲವತ್ತಕ್ಕೇ ನನ್ನ ಕೈ ಜೋಮು ಹಿಡಿಯುತ್ತಿತ್ತು.

ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ತೆಗೆದುಕೊಂಡೆ. ನಳಿಗೆಯ ಅಳತೆ .177 ಕ್ಯಾಲಿಬರ್, ಗುಂಡಿನ ಶಕ್ತಿ 20 ಜೂಲ್‌ಗಿಂತ ಕಡಿಮೆ, ಹಾಗಾಗಿ ಲೈಸೆನ್ಸ್ ರಗಳೆ ಇಲ್ಲ. ಎಡಗೈ ಗ್ರಿಪ್ ಬೇರೆಯಾಗಿ ತರಿಸಬೇಕಾಯಿತು. ತರಿಸಿಕೊಡುವವರು 'ಮುಂದಿನ ವಾರ ಸಾರ್' ಅಂತ ನಾಲ್ಕು ತಿಂಗಳು ಓಡಾಡಿಸಿ, ಕೊನೆಗೆ ಕೊಟ್ಟದ್ದು ಬಲಗೈಯದ್ದು! ಸರಿಯಾದದ್ದು ಬರಲು ಇನ್ನೆರಡು ತಿಂಗಳು.

ಬಂದ ದಿನವೇ ಕೂರಲಿಲ್ಲ, ಕಿರುಬೆರಳ ಕಡೆ ಸಡಿಲ. ಎಂ-ಸೀಲ್ ಕಲಸಿ ಹಚ್ಚಿದೆ. ಅಂಗೈಗೆ ಪೌಡರ್ ಬಳಿದುಕೊಂಡು ಒತ್ತಿ ಹಿಡಿದೆ. ಗಟ್ಟಿಯಾದ ಮೇಲೆ ಸ್ಯಾಂಡ್ ಪೇಪರ್ ಉಜ್ಜಿದೆ. 'ಸಿಂಕ್ ಪೈಪ್ ಸೋರ್ತಾ ಇದೆ, ಅದಕ್ಕಿಲ್ಲದ ಎಂ-ಸೀಲ್ ಇದಕ್ಕಾ?' ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ. ಜಾಸ್ತಿ ಹಚ್ಚಬೇಡಿ. ಸ್ಪರ್ಧೆಯ ನಿಯಮದಂತೆ ಮಣಿಕಟ್ಟು ಹಿಡಿಯಿಂದ ಹೊರಗೇ ಇರಬೇಕು, ಪಿಸ್ತೂಲ್ 420×200×50 ಮಿಲಿಮೀಟರ್ ಪೆಟ್ಟಿಗೆಯೊಳಗೆ ಕೂರಬೇಕು, ತೂಕ 1500 ಗ್ರಾಂ ದಾಟಬಾರದು.

ಈಗ 60 ಮುಗಿದರೂ ಕೈ ನೆಟ್ಟಗಿರುತ್ತದೆ, ಗುರಿಯ ಪೇಪರ್ ಮೇಲೆ ಗುಂಡುಗಳೂ ಹತ್ತಿರ ಹತ್ತಿರ ಬೀಳುತ್ತವೆ. ನಡುವಿನ 10 ಅಂಕದ ವೃತ್ತದ ಅಗಲ 11.5 ಮಿಲಿಮೀಟರ್ ಅಷ್ಟೇ, ಹಿಡಿ ಕೂದಲೆಳೆಯಷ್ಟು ತಿರುಗಿದರೂ ಹೋಯಿತು. ದೂರು ಎರಡೇ. ಅಂಗೈ ಕೆಳಗಿನ ಹಲಗೆಯ ಸ್ಕ್ರೂ ತಿಂಗಳಿಗೊಮ್ಮೆ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಎಂ-ಸೀಲ್ ಅಂಚು ಬಿಡುತ್ತದೆ.

ಪಿಸ್ತೂಲ್ ಒಯ್ಯುವ ಕೇಸ್ ಇನ್ನೊಂದು ತಲೆನೋವು. ಒಳಗಿನ ಫೋಮ್ ಬಲಗೈ ಹಿಡಿಯ ಆಕಾರಕ್ಕೇ ಕತ್ತರಿಸಿದ್ದು. ಬ್ಲೇಡಿನಲ್ಲಿ ನಾನೇ ಕೊರೆದೆ, ನೋಡಲು ಇಲಿ ಕಚ್ಚಿದ ಹಾಗಿದೆ. ಮೆಟ್ರೋ ಸ್ಕ್ಯಾನರ್ ಮುಂದೆ ವಿವರಿಸುತ್ತಾ ನಿಲ್ಲೋದು ಬೇಡ ಅಂತ ಸ್ಕೂಟರಿನಲ್ಲೇ ಹೋಗುತ್ತೇನೆ.

ಗ್ರಿಪ್ ಬದಲಿಸಿದರೂ ಒಂದು ಬದಲಾಗಲಿಲ್ಲ. ಗುರಿಗೆ ಭುಜ ಕೊಟ್ಟು ಎಲ್ಲರೂ ಎಡಕ್ಕೆ ಮುಖ ಮಾಡಿ ನಿಂತರೆ ನಾನು ಬಲಕ್ಕೆ. ಹಾಗಾಗಿ ಪಕ್ಕದ ಲೇನಿನವರ ಮುಖ ನೋಡಿಕೊಂಡೇ ಉಸಿರು ಹಿಡಿಯಬೇಕು. ಮೊದಮೊದಲು ಇಬ್ಬರಿಗೂ ನಗು ಬರುತ್ತಿತ್ತು.

ಗ್ರಿಪ್‌ಗೆ ಐದಕ್ಕೆ ನಾಲ್ಕು, ತರಿಸಿಕೊಟ್ಟವರಿಗೆ ಒಂದು. ಹಳೆಯ ಬಲಗೈ ಹಿಡಿ ಎಸೆದಿಲ್ಲ, ಅಟ್ಟದ ಮೇಲಿದೆ. ಮಾರುವಾಗ ಕೊಳ್ಳುವವರು ಅದನ್ನೇ ಕೇಳುತ್ತಾರೆ, ಅಲ್ವಾ?