ಯುವನಿಧಿ ಅರ್ಜಿ ಹಾಕಿಸಿದ ಸೈಬರ್ ಸೆಂಟರ್: ಐದಕ್ಕೆ ನಾಲ್ಕು ಸ್ಟಾರ್

ನಮ್ಮೂರ ಬಸ್ ಸ್ಟ್ಯಾಂಡ್ ಹಿಂದಿರೋ ಸೈಬರ್ ಸೆಂಟರಲ್ಲಿ ತಂಗಿದು ಯುವನಿಧಿ (ಓದು ಮುಗಿಸಿ ಕೆಲಸ ಸಿಗದೋರಿಗೆ ರಾಜ್ಯ ಸರ್ಕಾರ ಕೊಡೋ ಭತ್ಯೆ) ಅರ್ಜಿ ಹಾಕ್ಸಿದ್ವಿ, ಹುಡುಗ ಕೆಲಸ ಗೊತ್ತಿರೋನು, ಆದ್ರೆ ಕ್ಯೂ ನೋಡಿದ್ರೆ ತಲೆ ತಿರುಗುತ್ತೆ, ಕೂರೋಕೆ ಇರೋದು ಒಂದೇ ಬೆಂಚು. ಡಿಗ್ರಿ ಆದೋರಿಗೆ ತಿಂಗಳಿಗೆ 3000, ಡಿಪ್ಲೊಮಾಗೆ 1500, ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು, ಗರಿಷ್ಠ 2 ವರ್ಷ, ಇದೆಲ್ಲಾ ಎಲ್ರಿಗೂ ಗೊತ್ತು. ದುಡ್ಡು ಯಾಕೆ ಬರಲ್ಲ ಅನ್ನೋದೇ ಯಾರಿಗೂ ಗೊತ್ತಿರಲ್ಲ!

ಅರ್ಜಿ ಹಾಕೋ ಸೇವಾ ಸಿಂಧು ಪೋರ್ಟಲ್ ಓಪನ್ ಮಾಡೋಕೆ ಮುಂಚೆನೇ ಅವ್ನು ಕೇಳಿದ್ದು ಮಾರ್ಕ್ಸ್ ಕಾರ್ಡ್ ನ್ಯಾಡ್‌ನಲ್ಲಿ ಇದ್ಯಾ ಅಂತ, ನ್ಯಾಡ್ ಅಂದ್ರೆ ಮಾರ್ಕ್ಸ್ ಕಾರ್ಡ್‌ಗಳನ್ನ ಆನ್‌ಲೈನಲ್ಲಿ ಹಾಕಿಡೋ ಸರ್ಕಾರಿ ಜಾಗ, ಡಿಜಿಲಾಕರಲ್ಲಿ ಕಾಣುತ್ತೆ, ಅಲ್ಲಿ ನೋಡಿದ್ರೆ ಕೊನೇ ಸೆಮಿಸ್ಟರ್‌ದೇ ಇಲ್ಲ, ಕಾಲೇಜಿಗೆ ಫೋನ್ ಮಾಡಿದ್ರೆ ಮುಂದಿನ ವಾರ ಮುಂದಿನ ವಾರ ಅಂತ ಒಂದೇ ರಾಗ. ಅದೂ ಮುಗಿದು ಅರ್ಜಿ ಅಪ್ರೂವ್ ಆದ್ಮೇಲೂ ಅಕೌಂಟಿಗೆ ಬಿಡಿಗಾಸಿಲ್ಲ. ಬ್ಯಾಂಕಲ್ಲಿ ಆಧಾರ್ ಲಿಂಕ್ ಆಗಿದೆ ಹೋಗ್ರಿ ಅಂತ ಸಾಗಹಾಕಿದ್ರು. ಈ ಹುಡುಗನೇ ಚೆಕ್ ಮಾಡಿ, ಅಕ್ಕಾ ಲಿಂಕ್ ಬೇರೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ನಂಬರಿಗೆ ಬರೋ ದುಡ್ಡು ಯಾವ ಬ್ಯಾಂಕಿಗೆ ಹೋಗ್ಬೇಕು ಅನ್ನೋ ದಾಖಲೆ) ಬೇರೆ, ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ನೇರವಾಗಿ ಹಾಕೋ ದುಡ್ಡು, ಮ್ಯಾಪ್ ಆಗಿರೋ ಅಕೌಂಟಿಗೇ ಹೋಗೋದು, ನಿಮ್ದಿನ್ನೂ ಹಳೇ ಸ್ಕಾಲರ್‌ಶಿಪ್ ಅಕೌಂಟಲ್ಲೇ ಇದೆ ಅಂದ. ಆ ಅಕೌಂಟ್ ಕ್ಲೋಸ್ ಆಗಿ ಯಾವ ಕಾಲ ಆಯ್ತೋ! ಮ್ಯಾಪಿಂಗ್ ಈಗಿನ ಅಕೌಂಟಿಗೆ ಬದಲಾಯಿಸೋ ಸೀಡಿಂಗ್ ಫಾರ್ಮ್ ಅವ್ನೇ ತುಂಬಿಕೊಟ್ಟ, ಆಮೇಲಿನ ಕಂತು ಬಂತು, ಹಿಂದಿಂದು ಇನ್ನೂ ಕಾಯ್ತಾ ಇದೀವಿ.

ಪ್ರಿಂಟಿಗೆ ಮಾತ್ರ ಪೇಜಿಗೆ ಹತ್ತು ರೂಪಾಯಿ ಅಂತಾನೆ, ಜಾಸ್ತಿನೇ ಆಯ್ತು, ಒಂದು ಸ್ಟಾರ್ ಅದಕ್ಕೇ ಕಟ್. ಮಧ್ಯಾಹ್ನ ಊಟದ ಟೈಮಲ್ಲಿ ಹೋಗಿ, ರಶ್ ಕಮ್ಮಿ, ಆಧಾರ್ ಒಟಿಪಿ ಬರೋ ಫೋನ್ ತಗೊಂಡೇ ಹೋಗಿ.