ಮೂಲೆಯಲ್ಲೊಂದು ನೀಲಿ ಗುಂಡಿ ಕೂರಿಸಿ ದುಡ್ಡು ಕೀಳ್ತಾರೆ, ಹುಷಾರ್

ದಾವಣಗೆರೆ, ಚಿತ್ರದುರ್ಗದ ಕಡೆ ಆನ್‌ಲೈನ್ ಕೋಚಿಂಗ್ ನಡೆಸುವವರು ದಯವಿಟ್ಟು ಓದಿ. "ಕಣ್ಣು ಕಾಣದವರೂ ಬಳಸೋ ಹಾಗೆ ಸೈಟ್ ಮಾಡಿಕೊಡ್ತೀವಿ" ಎಂದು ಯಾರಾದರೂ ಬಂದರೆ ಮುಂಗಡದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ನಮ್ಮಿಂದ ಮುಕ್ಕಾಲು ಭಾಗ ಮೊದಲೇ ವಸೂಲಿ ಮಾಡಿದರು.

ವಿದ್ಯಾನಗರದಲ್ಲಿ ನಮ್ಮದು ಪಿಡಿಒ, ಎಫ್‌ಡಿಎ ಪರೀಕ್ಷೆಗಳ ತರಬೇತಿ. ಕಣ್ಣು ಕಾಣದ ಅಭ್ಯರ್ಥಿಗಳೂ ಇದ್ದಾರೆ. ಜಗಳೂರಿಂದ, ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬರೋದು ಅವರಿಗೆ ಕಷ್ಟ, ಅದಕ್ಕೇ ಆನ್‌ಲೈನ್. ಟಾಕ್‌ಬ್ಯಾಕ್ (ಪರದೆಯಲ್ಲಿರೋದನ್ನು ಓದಿ ಹೇಳುವ ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್) ಹಾಕಿಕೊಂಡು ಮಾಕ್ ಟೆಸ್ಟ್ ಬರೆಯಲು ಆಗಬೇಕು ಎಂದು ಕೊಟೇಶನ್‌ನಲ್ಲೇ ಬರೆಸಿದ್ದೆ. "ಡಬ್ಲ್ಯೂಸಿಎಜಿ 2.1 ಪ್ರಕಾರ ಮಾಡ್ತೀವಿ ಸರ್, ಚಿಂತೆ ಬಿಡಿ" ಅಂದರು. ಅಂಗವಿಕಲರೂ ಬಳಸೋ ಹಾಗೆ ಸೈಟ್ ಹೇಗಿರಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಮಾನದಂಡ ಅದು.

ಕೊಟ್ಟಿದ್ದೇನು? ಮೂಲೆಯಲ್ಲಿ ಒಂದು ನೀಲಿ ಗುಂಡಿ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ರೆಡಿಮೇಡ್ ವಿಜೆಟ್. ಕಣ್ಣೇ ಕಾಣದವರಿಗೆ ಬಣ್ಣ ಬದಲಾದರೆಷ್ಟು, ಬಿಟ್ಟರೆಷ್ಟು!

ನಮ್ಮ ಹುಡುಗನೊಬ್ಬ ಎಲ್ಲರೆದುರೇ ಟೆಸ್ಟ್ ತೆರೆದ. ಆಯ್ಕೆಗಳ ಮೇಲೆ ಬೆರಳಾಡಿಸಿದರೆ ಫೋನ್ "ಅನ್‌ಲೇಬಲ್ಡ್, ಬಟನ್" ಅನ್ನುತ್ತದೆ, ಅಂದರೆ ಹೆಸರಿಲ್ಲದ ಗುಂಡಿ. ನಾಲ್ಕಕ್ಕೂ ಅದೇ. ಪ್ರಶ್ನೆ ಕೇಳೋಣವೆಂದರೆ ಟೈಮರ್ ಪ್ರತಿ ಸೆಕೆಂಡಿಗೂ ನಡುವೆ ಬಾಯಿ ಹಾಕುತ್ತದೆ. ಐವತ್ತೊಂಬತ್ತು, ಐವತ್ತೆಂಟು, ಐವತ್ತೇಳು... ಪ್ರಶ್ನೆ ಕಿವಿಗೇ ಬೀಳಲ್ಲ. ನೋಟ್ಸ್ ಪಿಡಿಎಫ್ ಇನ್ನೂ ಹಳೇ ನುಡಿ ಫಾಂಟಿನಲ್ಲೇ ಇದೆ, ಯೂನಿಕೋಡ್ ಅಲ್ಲ. ನಮಗೆ ಚೆಂದದ ಕನ್ನಡ ಕಾಣುತ್ತದೆ, ಫೋನಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ಬದಲಿಸುತ್ತೇವೆ ಎಂದು ಬೇರೆ ದುಡ್ಡು ತಗೊಂಡಿದ್ದರು! ಹುಡುಗ ಬೈಯಲೂ ಇಲ್ಲ. "ಬೇರೆ ಆ್ಯಪ್‌ಗಳೂ ಹಿಂಗೇ ಸರ್" ಅಂದ. ನನಗೆ ಮುಖ ಎತ್ತಲಾಗಲಿಲ್ಲ.

ಫೋನ್ ಮಾಡಿದರೆ, "ಲೈಟ್‌ಹೌಸ್‌ನಲ್ಲಿ ನೂರಕ್ಕೆ ನೂರು ಬಂದಿದೆ ಸರ್" ಎಂದು ಸ್ಕ್ರೀನ್‌ಶಾಟ್ ಕಳಿಸಿದರು. ಲೈಟ್‌ಹೌಸ್ ಅಂದರೆ ವೆಬ್ ಪುಟವನ್ನು ತಾನಾಗಿ ಪರೀಕ್ಷಿಸಿ ಅಂಕ ಕೊಡುವ ಗೂಗಲ್ ಸಾಧನ. ಹಸಿರು ವೃತ್ತ, ಒಳಗೆ 100. ವಿಳಾಸ ಓದಿದ ಮೇಲೆ ಗೊತ್ತಾಯಿತು, ಆ ನೂರು ಮುಖಪುಟದ್ದು! ಅಲ್ಲಿರೋದು ನಮ್ಮ ಲೋಗೋ, ಫೋನ್ ನಂಬರ್, ಗಾಜಿನ ಮನೆಯ ಒಂದು ಫೋಟೋ. ಟೆಸ್ಟ್ ಪುಟ ಲಾಗಿನ್ ಆದ ಮೇಲಿನದು. ಅದನ್ನು ನೋಡೇ ಇಲ್ಲ. ಮುಖಪುಟಕ್ಕೆ ನೂರು, ಹುಡುಗನಿಗೆ ಸೊನ್ನೆ.

ಜೋರು ಮಾಡಿದ್ದಕ್ಕೆ ಬಂದ ಉತ್ತರ ಕೇಳಿ: "ಅಂಥವರು ನಿಮ್ಮಲ್ಲಿ ಎಷ್ಟು ಜನ ಸರ್? ಮನೇಲಿ ಯಾರಾದ್ರೂ ಓದಿ ಹೇಳಲ್ವಾ?" ಇದೇ ಮಾತು ದುಡ್ಡು ತಗೊಳ್ಳುವಾಗ ಹೇಳಬೇಕಿತ್ತು ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎತ್ತಿದರೆ "ಅದು ಸರ್ಕಾರಿ ಸೈಟಿಗೆ" ಅಂದರು. 46ನೇ ಸೆಕ್ಷನ್‌ನಲ್ಲಿ ಖಾಸಗಿ ಸೇವೆ ಕೊಡುವವರೂ ಸೇರಿದ್ದಾರೆ ಎಂದು ಅದನ್ನೇ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಸ್ಕೋರು, ಸರ್ಟಿಫಿಕೇಟು ನಂಬಬೇಡಿ. ದಿನಾ ಸ್ಕ್ರೀನ್ ರೀಡರ್ ಬಳಸುವವರೇ ಲಾಗಿನ್ ಆಗಿ, ಟೆಸ್ಟ್ ಬರೆದು, ಸಬ್ಮಿಟ್ ಮಾಡಲಿ. ಕೊನೆ ಕಂತು ಆಮೇಲೆ. ಕಂಪ್ಯೂಟರಿನಲ್ಲಾದರೆ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಲ್ಲೇ ಕೊನೆತನಕ ಹೋಗಿ ನೋಡಿ. ಎನ್‌ವಿಡಿಎ ಎಂಬ ಕಂಪ್ಯೂಟರ್ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ, ಇವರು ಅದನ್ನೂ ಹಾಕಿ ನೋಡಿರಲಿಲ್ಲ.

ಈಗ ಆ ನಾಲ್ಕು ಬಟನ್‌ಗಳಿಗೆ ಹೆಸರು ಹಾಕೋದು "ಹೆಚ್ಚುವರಿ ಕೆಲಸ"ವಂತೆ. ಹೊಸ ಬಿಲ್ ಬಂದಿದೆ, ಜಿಎಸ್‌ಟಿ ಸಮೇತ.