ರೀ, ಇಂಡಿಕೇಟರ್ ಆಫ್ ಮಾಡಿ: ನಾಲ್ಕು ಬೈಕುಗಳ ನಡುವೆ ಮಾತಿಗೆ ನಾಲ್ಕು ದಾರಿ

ನೆಲಮಂಗಲ ದಾಟಿದ ಮೇಲೆ ನನ್ನ ಗಂಡ ಎಡಕ್ಕೆ ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರು. ಆಫ್ ಮಾಡೋದು ಮರೆತರು. ಸೋಲೂರು ಬರುವವರೆಗೂ ಅದು ಮಿಣಮಿಣ ಅನ್ನುತ್ತಲೇ ಇತ್ತು. ಹಿಂದಿನಿಂದ ನಾನು ಹಾರ್ನ್ ಹೊಡೆದೆ, ಹೆಡ್‌ಲೈಟ್ ಮಿಟುಕಿಸಿದೆ. ಅವರು ಕನ್ನಡಿಯಲ್ಲಿ ನೋಡಿ ಹೆಬ್ಬೆರಳು ಎತ್ತಿದರು, ಎಲ್ಲ ಚೆನ್ನಾಗಿದೆ ಅನ್ನುವ ಹಾಗೆ. ಅವರ ಹಿಂದೆ ಕೂರುತ್ತಿದ್ದ ಕಾಲದಲ್ಲಿ ಹೆಗಲು ತಟ್ಟಿದರೆ ಕೆಲಸ ಮುಗಿಯುತ್ತಿತ್ತು. ನನ್ನದೇ ಬೈಕ್ ಬಂದ ಮೇಲೆ ಇಷ್ಟು ಸಣ್ಣ ಮಾತು ಹೇಳುವುದಕ್ಕೂ ಗಾಡಿ ನಿಲ್ಲಿಸಬೇಕು.

ಅದಾದ ಮೇಲಿನ ಎರಡು ವರ್ಷದಲ್ಲಿ ನಾಲ್ಕು ಬಗೆ ಬಳಸಿ ನೋಡಿದೆವು: ಫೋನಿನ ಗ್ರೂಪ್ ಕಾಲ್, ಬ್ಲೂಟೂತ್ ಇಂಟರ್‌ಕಾಮ್, ವಾಕಿಟಾಕಿ, ಮೆಶ್ ಇಂಟರ್‌ಕಾಮ್. ಇಂಟರ್‌ಕಾಮ್ ಅಂದರೆ ಹೆಲ್ಮೆಟ್ಟಿಗೆ ಕೂರಿಸಿ ಬೈಕಿನಿಂದ ಬೈಕಿಗೆ ಮಾತಾಡುವ ಸಾಧನ. ನಾವು ನಾಲ್ಕು ಜನ. ಮುಂದೆ ಲೀಡ್ ನನ್ನ ಮೈದುನ, ಆಮೇಲೆ ಗೆಳತಿ, ಆಮೇಲೆ ನಾನು, ಕೊನೆಗೆ ಸ್ವೀಪ್ ಆಗಿ ನಮ್ಮೆಜಮಾನರು. ಮೈದುನನ ಅತ್ತೆಮನೆ ಉಜಿರೆ. ಹಾಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಅದೇ ದಾರಿ: ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ. ಸುಮಾರು 300 ಕಿಮೀ. ನೇರ ಹೈವೇ, ಊರೊಳಗಿನ ಟ್ರಾಫಿಕ್, ಕಾಫಿ ತೋಟ, ಘಾಟಿ, ಮಂಜು, ಮಳೆ ಎಲ್ಲ ಒಂದೇ ದಿನದಲ್ಲಿ ಸಿಗುತ್ತವೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಾ?

ಕೆಟ್ಟ ಅನುಭವ ಹೇಳುವಾಗ ಕಂಪನಿಯ ಹೆಸರು ಹೇಳುವುದಿಲ್ಲ. ನಮ್ಮ ಕೈಗೆ ಬಂದ ಒಂದೆರಡು ಪೀಸ್ ನೋಡಿ ಇಡೀ ಕಂಪನಿಯನ್ನು ಅಳೆಯೋದು ಸರಿಯಲ್ಲ.

ಮೊದಲು ಡಬ್ಬಿಯ ಮೇಲೆ ಬರೆದಿರುವ ದೂರದ ಲೆಕ್ಕ ನೋಡಿಬಿಡೋಣ. ಇಂಟರ್‌ಕಾಮ್ ಮಾಡುವ ಕಾರ್ಡೊ ಕಂಪನಿ ತನ್ನ ಸ್ಪಿರಿಟ್ ಮಾದರಿಗೆ 400 ಮೀಟರ್ ಅನ್ನುತ್ತದೆ, ಪ್ಯಾಕ್‌ಟಾಕ್ ಎಡ್ಜ್‌ಗೆ 1.6 ಕಿಮೀ. ಇವೆಲ್ಲ ನಡುವೆ ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ಈಗ ರಸ್ತೆಯ ಲೆಕ್ಕ ಹಾಕಿ. ಗಂಟೆಗೆ 80 ಕಿಮೀ ಅಂದರೆ ಸೆಕೆಂಡಿಗೆ 22 ಮೀಟರ್. 400 ಮೀಟರ್ ಅಂದರೆ ಬರೀ 18 ಸೆಕೆಂಡ್. ಒಂದು ಸಿಗ್ನಲ್‌ನಲ್ಲಿ ನೀವು ಒಂದು ನಿಮಿಷ ಸಿಕ್ಕಿಹಾಕಿಕೊಂಡರೆ ಮುಂದಿನವರು 1.3 ಕಿಮೀ ಆಚೆ ಇರುತ್ತಾರೆ. ಅಂದರೆ ಎಷ್ಟೇ ದುಡ್ಡು ಕೊಟ್ಟರೂ ದಿನಕ್ಕೆ ಹತ್ತು ಸಲ ಸಂಪರ್ಕ ಕಡಿದೇ ಕಡಿಯುತ್ತದೆ. ಇದು ತಲೆಗೆ ಹೋಗಲು ನನಗೆ ಮೂರು ಟ್ರಿಪ್ ಬೇಕಾಯಿತು. ಅಲ್ಲಿಂದ ಮುಂದೆ ನಾನು ಕೇಳಿದ ಪ್ರಶ್ನೆ ಒಂದೇ: ಕಡಿದ ಮೇಲೆ ಮತ್ತೆ ಕೂಡಿಕೊಳ್ಳಲು ನಾನು ಏನು ಮಾಡಬೇಕು?

ಫೋನ್ ಕಾಲ್‌ನ ಕಥೆ ಚಿಕ್ಕದು. ಹೆಲ್ಮೆಟ್ಟಿಗೆ ಒಂದು ಹೆಡ್‌ಸೆಟ್, ವಾಟ್ಸಾಪ್‌ನಲ್ಲಿ ಗ್ರೂಪ್ ಕಾಲ್. ಹಾಸನದವರೆಗೆ ಸ್ವರ್ಗ. ಮೈದುನ 5 ಕಿಮೀ ಮುಂದಿದ್ದರೂ ಪಕ್ಕದಲ್ಲಿ ಕೂತ ಹಾಗೆ ಕೇಳುತ್ತಾನೆ. ಆದರೆ ಮಾತು ತಡವಾಗಿ ಬರುತ್ತದೆ. "ಅತ್ತಿಗೆ, ಎದುರಿಗೆ ಲಾರಿ" ಅನ್ನುವ ಹೊತ್ತಿಗೆ ಲಾರಿ ನನ್ನ ಕಣ್ಣಿಗೇ ಬಿದ್ದಿರುತ್ತದೆ. ಕೊಟ್ಟಿಗೆಹಾರ ದಾಟಿದ ಮೇಲೆ ನೆಟ್‌ವರ್ಕ್ ಹೋಯಿತು. ಕಾಲ್ ಕಟ್. ಗ್ಲೌಸ್ ಹಾಕಿದ ಕೈಯಲ್ಲಿ ಮತ್ತೆ ಡಯಲ್ ಮಾಡಲು ಆಗಲ್ಲ. ಬೈಕ್ ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿಯುವುದು ಕಾನೂನಿಗೂ ವಿರುದ್ಧ, 2019ರ ತಿದ್ದುಪಡಿಯಾದ ಮೇಲೆ ದಂಡವೂ ಜಾಸ್ತಿ. ನಮಗೆ ಮಾತು ಬೇಕಿದ್ದದ್ದೇ ಘಾಟಿಯಲ್ಲಿ, ಅಲ್ಲೇ ಇದು ಕೈ ಕೊಟ್ಟಿತು.

ಮುಂದಿನ ಸಲಕ್ಕೆ ನಾಲ್ಕು ಬ್ಲೂಟೂತ್ ಇಂಟರ್‌ಕಾಮ್ ತರಿಸಿದೆವು. ಒಂದಕ್ಕೆ 4,000 ರೂಪಾಯಿ ಆಸುಪಾಸು. ಡಬ್ಬಿಯ ಮೇಲೆ "6 ರೈಡರ್" ಅಂತ ದೊಡ್ಡ ಅಕ್ಷರ. ಮನೆಯಲ್ಲಿ ಜೋಡಿಸಲು ಕೂತಾಗ ಗುಟ್ಟು ಗೊತ್ತಾಯಿತು: ಆರು ಸಾಧನ ಪೇರ್ ಆಗುತ್ತವೆ ನಿಜ, ಆದರೆ ಒಂದು ಹೊತ್ತಿಗೆ ಇಬ್ಬರೇ ಮಾತಾಡಬಹುದು. ಮೂರನೆಯವರ ಹತ್ತಿರ ಮಾತಾಡಬೇಕಾದರೆ ಇವರನ್ನು ಬಿಟ್ಟು ಅವರಿಗೆ ಬಟನ್ ಒತ್ತಬೇಕು. ಅಗ್ಗದ ಸೆಟ್ ತೆಗೆದುಕೊಳ್ಳುವವರು "ಎಷ್ಟು ಜನ ಪೇರ್ ಆಗಬಹುದು" ಅಂತ ಕೇಳಬೇಡಿ, "ಎಷ್ಟು ಜನ ಒಟ್ಟಿಗೆ ಮಾತಾಡಬಹುದು" ಅಂತ ಕೇಳಿ. ಇನ್ನೂ ಸ್ವಲ್ಪ ದುಡ್ಡು ಹಾಕಿದರೆ ನಾಲ್ಕು ಜನ ಒಟ್ಟಿಗೆ ಮಾತಾಡುವ ಬ್ಲೂಟೂತ್ ಸೆಟ್ ಸಿಗುತ್ತದೆ. ಅದೂ ಸರಪಳಿ. ಒಂದನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ. ನಡುವಿನವರು ಟೀ ಕುಡಿಯಲು ನಿಂತರೆ ಕೊಂಡಿ ಕಳಚಿತು. ದಾರಿಯಲ್ಲಿ ಯಾರೋ ಓವರ್‌ಟೇಕ್ ಮಾಡಿ ಸಾಲು ಬದಲಾದರೂ ಗೊಂದಲ.

ಕಡಿದ ಮೇಲೆ? ಬಟನ್ ಒತ್ತಬೇಕು. ನಾನೂ ಒತ್ತುತ್ತೇನೆ, ಅದೇ ಕ್ಷಣಕ್ಕೆ ಇವರೂ ಒತ್ತುತ್ತಾರೆ. ಒಂದು ಜೋಡಿಸುತ್ತದೆ, ಇನ್ನೊಂದು ಬಿಡಿಸುತ್ತದೆ. ಕೊನೆಗೆ ಮನೆಯಲ್ಲಿ ಒಪ್ಪಂದ ಆಯಿತು: ಕಡಿದರೆ ಹಿಂದಿರುವವರು ಮಾತ್ರ ಒತ್ತಬೇಕು, ಮುಂದಿರುವವರು ಕೈ ಹಚ್ಚಕೂಡದು. ಈ ಒಂದು ನಿಯಮದಿಂದ ನಮ್ಮಿಬ್ಬರ ಸೆಟ್ ಅರ್ಧ ಸರಿಹೋಯಿತು. ಹೈವೇಯಲ್ಲಿ ಸುಮಾರು 300 ಮೀಟರ್‌ವರೆಗೆ ಮಾತು ಸ್ಪಷ್ಟ. ಚಾರ್ಮಾಡಿಯಲ್ಲಿ ಎರಡು ತಿರುವು ದಾಟಿದರೆ ಬರೀ ಕರಕರ. ಅಲ್ಲಿ ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ಅಂತರ ನೋಡಲು ಕಮ್ಮಿಯೇ. ಆದರೆ ನಡುವೆ ಗುಡ್ಡ ಕೂತಿರುತ್ತದಲ್ಲ, ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆ ಅದನ್ನು ದಾಟಲ್ಲ. ಒದ್ದೆ ಎಲೆಗಳಿಗೂ ಅದು ಸೋಲುತ್ತದೆ.

ಇಲ್ಲೊಂದು ವಿಷಯ ಹೇಳಲೇಬೇಕು, ಯಾಕೆಂದರೆ ನಾನು ಇದರಲ್ಲಿ ತಿಂಗಳುಗಟ್ಟಲೆ ಸುಮ್ನೆ ಸಾಧನವನ್ನೇ ಬೈದುಕೊಂಡಿದ್ದೆ. 70 ದಾಟಿದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ವಾಲ್ಯೂಮ್ ಪೂರ್ತಿ ಇಟ್ಟರೂ ಗಾಳಿಯದೇ ಸದ್ದು. ಒಂದು ಭಾನುವಾರ ಹೆಲ್ಮೆಟ್ಟಿನ ಲೈನಿಂಗ್ ಬಿಚ್ಚಿ ನೋಡಿದೆ. ಸ್ಪೀಕರ್ ಕಿವಿಯ ತೂತಿನ ಎದುರಿಗೆ ಇರಲಿಲ್ಲ, ಎರಡು ಬೆರಳಷ್ಟು ಕೆಳಗೆ ಇತ್ತು. ಬೆರಳಿಗೆ ಕುಂಕುಮ ಹಚ್ಚಿ ಕಿವಿಗೆ ತಾಗಿಸಿ, ಹೆಲ್ಮೆಟ್ ಹಾಕಿ ತೆಗೆದೆ. ಲೈನಿಂಗಿನ ಮೇಲೆ ಕಿವಿ ಎಲ್ಲಿ ಬರುತ್ತದೆ ಅಂತ ಗುರುತು ಬಿತ್ತು. ಅಲ್ಲಿಗೆ ಸ್ಪೀಕರ್ ಸರಿಸಿ, ಹಿಂದೆ ಒಂದು ತುಂಡು ಸ್ಪಂಜ್ ಇಟ್ಟು ಕಿವಿಗೆ ಹತ್ತಿರ ತಂದೆ. ಅದೇ ಸೆಟ್, ಅದೇ 80ರ ವೇಗ, ಈಗ ಅರ್ಧ ವಾಲ್ಯೂಮ್ ಸಾಕು. ಮೈಕ್ ಕೂಡ ಹಾಗೇ. ಫುಲ್‌ಫೇಸ್ ಹೆಲ್ಮೆಟ್ಟಿಗೆ ಗದ್ದದ ಒಳಗೆ ಅಂಟಿಸುವ ತಂತಿ ಮೈಕ್, ಓಪನ್‌ಫೇಸ್‌ಗೆ ಕಡ್ಡಿ ಮೈಕ್. ತುಟಿಗೆ ತಾಗುವಷ್ಟು ಹತ್ತಿರ ಇರಬೇಕು, ಅದರ ಸ್ಪಂಜಿನ ಟೋಪಿ ಕಳೆಯಬಾರದು. ಹೆಲ್ಮೆಟ್ಟಿನಲ್ಲಿ ಸ್ಪೀಕರಿಗೆ ಗುಳಿ ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಕಿವಿ ಹಿಂಡಿದ ಹಾಗೆ ನೋಯುತ್ತದೆ. ನನ್ನ ಹಳೆಯ ಹೆಲ್ಮೆಟ್ ಅದಕ್ಕೇ ಅಟ್ಟ ಸೇರಿತು. ಇಂಟರ್‌ಕಾಮ್ ದುಬಾರಿಯದು ತರುವ ಮೊದಲು ಈ ಕೆಲಸ ಮಾಡಿ ನೋಡಿ, ತರುವ ಅಗತ್ಯವೇ ಬೀಳದಿರಬಹುದು.

ವಾಕಿಟಾಕಿ ಗೆಳತಿಯ ಐಡಿಯಾ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿಗಳಿಗೆ 446.0ರಿಂದ 446.2 ಮೆಗಾಹರ್ಟ್ಸ್ ತರಂಗಾಂತರದ ಪಟ್ಟಿ (ಬ್ಯಾಂಡ್) ಬಿಟ್ಟಿದ್ದಾರೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಹೆಚ್ಚು ಶಕ್ತಿಯ, ಎಲ್ಲ ಚಾನೆಲ್ ಹಿಡಿಯುವ ಸೆಟ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ. 2025ರಲ್ಲಿ ಅಂಥವನ್ನು ಮಾರುವ ವೆಬ್‌ಸೈಟ್‌ಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಣ್ಣಿಟ್ಟು ನಿಯಮವನ್ನೇ ತಂದಿತು. ತೆಗೆದುಕೊಳ್ಳುವಾಗ ಪಟ್ಟಿ ಯಾವುದು ಅಂತ ನೋಡಿಕೊಳ್ಳಿ.

ಘಾಟಿಯಲ್ಲಿ ವಾಕಿಟಾಕಿ ನನಗೆ ಅಚ್ಚರಿ ತಂದಿತು. 446ರ ಅಲೆ ಉದ್ದ, ಸುಮಾರು 67 ಸೆಂಟಿಮೀಟರ್. ಬ್ಲೂಟೂತಿನದು 12 ಸೆಂಟಿಮೀಟರ್ ಚಿಲ್ಲರೆ. ಉದ್ದದ ಅಲೆ ಮರ, ತಿರುವುಗಳ ನಡುವೆ ಸ್ವಲ್ಪ ಚೆನ್ನಾಗಿ ನುಸುಳುತ್ತದೆ. ಬ್ಲೂಟೂತ್ ಸತ್ತ ತಿರುವುಗಳಲ್ಲಿ ಮೈದುನನ ದನಿ ಬಂತು. ಕಡಿದ ಮೇಲೆ ಏನು ಮಾಡಬೇಕು? ಏನೂ ಇಲ್ಲ. ಇಲ್ಲಿ ಜೋಡಣೆ ಅನ್ನುವುದೇ ಇಲ್ಲ. ಹತ್ತಿರ ಬಂದಾಗ ಕೇಳುತ್ತದೆ, ದೂರ ಹೋದಾಗ ಕೇಳಲ್ಲ.

ಹಾಗಾದರೆ ಇದೇ ಸಾಕಲ್ವಾ ಅಂದುಕೊಂಡೆ. ಮಾತಾಡಲು ಬಟನ್ ಒತ್ತಿ ಹಿಡಿಯಬೇಕು. ಬಟನ್ ಎಡಗೈಯ ಹ್ಯಾಂಡಲ್‌ಗೆ ಕಟ್ಟಿದ್ದೆವು. ಅದೇ ಕೈಗೆ ಕ್ಲಚ್, ಅದೇ ಹೆಬ್ಬೆರಳಿಗೆ ಹಾರ್ನ್. ಮೊದಲ ದಿನ ನಾನು ಇವರಿಗೆ ಏನೋ ಹೇಳಲು ಹೋಗಿ ಬೇಲೂರಿನ ಬೀದಿಯಲ್ಲಿ ಒಂದು ಎಮ್ಮೆಗೆ ಹಾರ್ನ್ ಹೊಡೆದೆ. ಒಬ್ಬರು ಮಾತಾಡುವಾಗ ಉಳಿದವರು ಬರೀ ಕೇಳಬೇಕು. ಇನ್ನೊಂದು ತಮಾಷೆ: ಗೆಳತಿಯ ಬಟನ್ ಜಾಕೆಟ್ಟಿನ ತೋಳಿಗೆ ಸಿಕ್ಕಿ ಒತ್ತಿದಂತೆಯೇ ಉಳಿಯಿತು. ಅವಳಿಗೆ ಗೊತ್ತಿಲ್ಲ. ಮೂಡಿಗೆರೆಯಿಂದ ಹತ್ತು ನಿಮಿಷ ಅವಳ ಹಾಡು ಕೇಳಿದೆವು. ಅವಳ ಬಟನ್ ಬಿಡುವವರೆಗೆ ನಮ್ಮ ಯಾರ ಮಾತೂ ಅವಳಿಗೆ ತಲುಪುವಂತಿಲ್ಲ. ಮುಂದೆ ಹೋಗಿ ಕೈ ತೋರಿಸಿ ನಿಲ್ಲಿಸಿದೆ. "ಮೊದಲೇ ಹೇಳಬಾರದಾ ಕಣೇ?" ಅಂದಳು.

ಮೆಶ್ ಸೆಟ್ ಮೊದಲು ಎರವಲು ತಂದೆವು, ಮೈದುನನ ಆಫೀಸಿನ ರೈಡರ್ ಗುಂಪಿನಿಂದ ನಾಲ್ಕು. ಮೆಶ್ ಅಂದರೆ ಸರಪಳಿಯ ಬದಲು ಬಲೆ. ಪ್ರತಿ ಸೆಟ್ಟೂ ತನಗೆ ಕೇಳಿಸುವ ಎಲ್ಲ ಸೆಟ್‌ಗಳ ಜೊತೆ ಮಾತಾಡುತ್ತದೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತದೆ. ಸಾಲು ಬದಲಾದರೂ ಚಿಂತೆಯಿಲ್ಲ. ಕಾರ್ಡೊ ಮೆಶ್ ಗುಂಪಿನಲ್ಲಿ 15 ಜನ, ಸೇನಾ (Sena) ಅನ್ನುವ ಇನ್ನೊಂದು ಕಂಪನಿಯ ಮೆಶ್ ಗುಂಪಿನಲ್ಲಿ 24 ಜನ ಇರಬಹುದು. ಹೆಲ್ಮೆಟ್ ಕೂಲರ್‌ನಿಂದ ಹೆಸರಾದ ಬೆಂಗಳೂರಿನದೇ ಬ್ಲೂಆರ್ಮರ್ ಕೂಡ ಈಗ ಮೆಶ್ ಮಾಡುತ್ತದೆ.

ಅಂದು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಹೊರಟಾಗ ಮಂಜು ಇಳಿದಿತ್ತು. ಮುಂದಿನ ಬೈಕಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ತಿರುವಿನಲ್ಲಿ ಮೈದುನ "ಬಸ್, ಪೂರ್ತಿ ರಸ್ತೆ ತಗೊಂಡಿದೆ, ಅಲ್ಲೇ ನಿಲ್ಲಿ" ಅಂದ. ಮೂವರೂ ನಿಂತೆವು. ಸರ್ಕಾರಿ ಬಸ್ ತಿರುವು ಮುಗಿಸಿ ನಮ್ಮನ್ನು ದಾಟಿ ಹೋಯಿತು. ಕೊನೆಯಲ್ಲಿದ್ದ ಇವರಿಗೆ ಮೈದುನನ ಸೆಟ್ ನೇರವಾಗಿ ಸಿಗುವ ಹಾಗಿರಲಿಲ್ಲ. ಗೆಳತಿಯ ಮತ್ತು ನನ್ನ ಸೆಟ್ ದಾಟಿ ಆ ಮಾತು ಹೋಗಿತ್ತು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಎಲ್ಲರೂ ಸೇರಿದಾಗ ನೆನಪಾಯಿತು, ಇಳಿಯುವಾಗ ಎರಡು ಮೂರು ಸಲ ಕಡಿದಿತ್ತು, ಪ್ರತಿ ಸಲವೂ ತಾನೇ ಕೂಡಿಕೊಂಡಿತ್ತು. ಯಾರೂ ಬಟನ್ ಮುಟ್ಟಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ತಕರಾರೂ ಹೇಳುತ್ತೇನೆ. ಬೆಲೆ ಮೊದಲನೆಯದು. ನಾವು ನೋಡಿದ ವಿದೇಶಿ ಸೆಟ್‌ಗಳೆಲ್ಲ ಒಂದಕ್ಕೆ 20,000 ದಾಟಿದ್ದವು. ನಾಲ್ಕು ಜನರದು ಸೇರಿಸಿದರೆ ಒಂದು ಹಳೆಯ ಬೈಕೇ ಬರುತ್ತದೆ. ಕಾರ್ಡೊ ಮೆಶ್ ಮತ್ತು ಸೇನಾ ಮೆಶ್ ಒಂದಕ್ಕೊಂದು ಮಾತಾಡುವುದಿಲ್ಲ, ಹಾಗಾಗಿ ಗುಂಪಿನಲ್ಲಿ ಮೊದಲು ಕೊಂಡವರು ಎಲ್ಲರ ಹಣೆಬರಹ ಬರೆದ ಹಾಗೆ. ಮೆಶ್ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಹಾಸನದಲ್ಲಿ ಊಟದ ಹೊತ್ತಿಗೆ ಚಾರ್ಜಿಗೆ ಹಾಕುತ್ತೇವೆ. ಇಬ್ಬರೇ ಹೋಗುವಾಗ ಮೆಶ್‌ನ ದೊಡ್ಡ ಗುಣವೇ ಇಲ್ಲ, ಮಾತು ದಾಟಿಸಲು ನಡುವೆ ಯಾರಿದ್ದಾರೆ? ಅದೂ ಅದೇ 2.4 ಗಿಗಾಹರ್ಟ್ಸ್, ಗುಡ್ಡ ಬಂದರೆ ಅದಕ್ಕೂ ಅದೇ ಗತಿ. ಮತ್ತೆ ಒಂದು ಮಾತು, ಮೆಶ್‌ನಲ್ಲಿ ಗುಟ್ಟು ಇಲ್ಲ. ಪೆಟ್ರೋಲ್ ಹಾಕಿಸುವ ವಿಷಯಕ್ಕೆ ನಾನೂ ಇವರೂ ಆಡಿದ ಜಗಳವನ್ನು ಇನ್ನಿಬ್ಬರು ಚೂರೂ ಬಿಡದೆ ಕೇಳಿದರು. ಮುಗಿದ ಮೇಲೆ ಮೈದುನ ಕೇಳಿದ, "ಈಗ ಹಾಡು ಹಾಕಬಹುದಾ ಅತ್ತಿಗೆ?"

ಹಾಗಾದರೆ ಯಾವುದು ತಗೋಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಬೈಕ್ ಎಣಿಸಿ ಅನ್ನುವುದು. ಎರಡು ಬೈಕ್ ಆದರೆ ಇಬ್ಬರಿಗೂ ಒಂದೇ ಕಂಪನಿಯ ಮಧ್ಯಮ ಬೆಲೆಯ ಬ್ಲೂಟೂತ್ ಸಾಕು, ಉಳಿದ ದುಡ್ಡು ಒಳ್ಳೆಯ ಹೆಲ್ಮೆಟ್ಟಿಗೆ ಹಾಕಿ. ಮೂರಾದರೆ ಯೋಚಿಸಿ. ನಾಲ್ಕಾದರೆ ಮೆಶ್, ಈ ಕಡೆ ಆ ಕಡೆ ನೋಡಬೇಡಿ. ವಾಕಿಟಾಕಿ ನಮ್ಮ ಟ್ಯಾಂಕ್ ಬ್ಯಾಗಿನಲ್ಲಿ ಈಗಲೂ ಎರಡು ಇವೆ, ಲೀಡ್ ಹತ್ತಿರ ಒಂದು, ಸ್ವೀಪ್ ಹತ್ತಿರ ಒಂದು. ಯಾರಾದರೂ ತೀರಾ ಹಿಂದೆ ಉಳಿದರೆ ಗಾಡಿ ನಿಲ್ಲಿಸಿ ತೆಗೆಯುತ್ತೇವೆ.

ನಾವು ಒಂದು ವರ್ಷದಲ್ಲಿ ಒಂದೊಂದಾಗಿ ನಾಲ್ಕು ಮೆಶ್ ಸೆಟ್ ಕೊಂಡೆವು, ಗೆಳತಿ ಕೊನೆಗೆ. ಅಲ್ಲಿಯವರೆಗೆ ಅವಳ ಹಳೆಯ ಬ್ಲೂಟೂತ್ ಸೆಟ್ಟನ್ನು ನನ್ನ ಮೆಶ್ ಸೆಟ್ಟಿಗೆ ಫೋನ್ ಅಂತ ನಂಬಿಸಿ ಜೋಡಿಸಿದ್ದೆವು. ಅವಳ ಮಾತು ಎಲ್ಲರಿಗೂ ಕೇಳುತ್ತಿತ್ತು, ಆದರೆ ಫೋನಿನ ಜಾಗ ಅವಳ ಪಾಲಾಗಿ ನನ್ನ ಮ್ಯಾಪ್‌ನ ದನಿ ಹೋಯಿತು. ಈಗ ಅದೇ ಸೆಟ್ ನನ್ನ ಓರಗಿತ್ತಿಯ ಹೆಲ್ಮೆಟ್ಟಿನಲ್ಲಿದೆ. ಅವಳು ಮೈದುನನ ಬೈಕಿನಲ್ಲೇ ಹಿಂದೆ ಕೂತು ತವರಿಗೆ ಬರುತ್ತಾಳೆ. ಇಬ್ಬರ ನಡುವೆ ಒಂದು ಅಡಿ ಅಂತರ, ಕಡಿಯುವ ಮಾತೇ ಇಲ್ಲ. ಹೋದ ಸಲ ಬೆಂಗಳೂರಿನಿಂದ ಹಾಸನದವರೆಗೆ ಅವಳ ತವರಿನ ಸುದ್ದಿಯೆಲ್ಲ ನಾಲ್ಕೂ ಹೆಲ್ಮೆಟ್ಟಿನಲ್ಲಿ ಬಂತು. ಮೈದುನ ಮಾತ್ರ ತನ್ನ ಹಾಡು ಹೋಯಿತು ಅಂತ ಗೊಣಗುತ್ತಿದ್ದ.